ಅತ್ತಿಗೆಯ ಕಣ್ಣು, ಯಾವನೋ ಎಂಬ ಮೀನು

ನಮ್ಮ ಗ್ಯಾರೇಜಿನಲ್ಲಿ ನಾನು ಬಡಿಯುವವನು, ಅತ್ತಿಗೆ ಬಣ್ಣ ಕೂಡಿಸುವವರು. ಗುದ್ದಿಸಿಕೊಂಡು ಬಂದ ಕಾರು ಮೊದಲು ನನ್ನ ಕೈಗೆ ಸಿಗುತ್ತದೆ. ಒಳಗೆ ಕೂತ ತಗಡನ್ನು ಹಿಂದಿನಿಂದ ಸುತ್ತಿಗೆಯಲ್ಲಿ ತಟ್ಟಿ ಎಬ್ಬಿಸುತ್ತೇನೆ, ಪುಟ್ಟಿ ತುಂಬಿ ಉಜ್ಜಿ ನುಣುಪು ಮಾಡುತ್ತೇನೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತು, ನನ್ನ ಮಾತಿನ ಬೆಲೆಯೂ ಮುಗಿಯಿತು. ಬಣ್ಣದ ಕೋಣೆಯ ಹೊಸ್ತಿಲಾಚೆ ನಡೆಯುವುದೆಲ್ಲ ಅತ್ತಿಗೆಯ ದರ್ಬಾರು. ಅಲ್ಲಿ ನಾನು ಬಾಯಿ ಹಾಕಿದರೆ, "ನೀನು ಬಡಿಯಪ್ಪ, ನೋಡೋದು ನಂಗೆ ಬಿಡು" ಅನ್ನುತ್ತಾರೆ. ಒಮ್ಮೆ ಕಡುಗೆಂಪು ಕಾರೊಂದನ್ನು ನಾನು ಬರೀ ಕೆಂಪು ಅಂದಿದ್ದೆ. ಆ ಮಾತನ್ನು ಅವರು ಇಂದಿಗೂ ಬಿಟ್ಟಿಲ್ಲ, ಮನೆಗೆ ನೆಂಟರು ಬಂದಾಗಲೆಲ್ಲ ಅದನ್ನು ಹೊರಗೆ ತೆಗೆಯುತ್ತಾರೆ.

ಕಾರಿನ ಬಣ್ಣ ಡಬ್ಬದಿಂದ ನೇರವಾಗಿ ಬರುತ್ತದೆ ಎಂದು ಜನ ತಿಳಿದಿದ್ದಾರೆ. ಹೊಸ ಕಾರಿಗಾದರೆ ಸರಿ. ವರ್ಷಗಟ್ಟಲೆ ಬಿಸಿಲಲ್ಲಿ ನಿಂತ ಕಾರಿಗೆ ಕಂಪನಿಯ ಬಣ್ಣವನ್ನೇ ತಂದು ಹೊಡೆದರೂ ಆ ಬಾಗಿಲು ಬೇರೆ ಮನೆಯಿಂದ ಬಂದ ಹಾಗೆ ಕಾಣುತ್ತದೆ. ಅದಕ್ಕೆ ಒಂದು ಹನಿ ಕಪ್ಪು, ಒಂದು ಹನಿ ಹಳದಿ, ಸೂಜಿಮೊನೆಯಷ್ಟು ನೀಲಿ ಎಂದು ಸೇರಿಸುತ್ತ ಹೋಗಬೇಕು. ಅತ್ತಿಗೆ ಅಂಗೈಯಗಲದ ತಗಡಿನ ಚೂರಿಗೆ ಬಣ್ಣ ಹೊಡೆದು ಒಣಗಿಸಿ, ಅಂಗಳಕ್ಕೆ ಬಂದು, ಕಾರಿನ ಮೈಗೆ ಒತ್ತಿ ಹಿಡಿದು ನೋಡುತ್ತಾರೆ. ಎದುರಿನಿಂದ, ಓರೆಯಿಂದ, ಬಗ್ಗಿ, ಎದ್ದು. ಆಗ ಅವರನ್ನು ಮಾತಾಡಿಸುವ ಧೈರ್ಯ ಯಾರಿಗೂ ಇಲ್ಲ. "ಎರಡನ್ನೂ ಒಂದೇ ಬೆಳಕಲ್ಲಿ, ಒಂದೇ ಹೊತ್ತಲ್ಲಿ, ಪಕ್ಕಪಕ್ಕ ಇಟ್ಟು ನೋಡ್ಬೇಕು. ನೆನಪಿಟ್ಕೊಂಡು ನೋಡೋದು ನೋಡೋದೇ ಅಲ್ಲ" ಎನ್ನುವುದು ಅವರ ಪಾಠ.

ಕೆಲಸ ಮುಗಿದ ಮೇಲೆ ಗಿರಾಕಿ ಕಾರನ್ನು ಒಂದು ಸುತ್ತು ಬಂದು, "ಯಾವ ಬಾಗಿಲಿಗೆ ಹೊಡೆದ್ರಿ?" ಎಂದು ಕೇಳಬೇಕು. ಆ ಪ್ರಶ್ನೆ ಬಂದರೆ ಅತ್ತಿಗೆಗೆ ಆ ದಿನದ ಊಟ ರುಚಿಸುತ್ತದೆ. ಬರದಿದ್ದರೆ ಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಗುತ್ತದೆ.

ಈ ಕಣ್ಣು ಅವರಿಗೆ ಎಲ್ಲಿಂದ ಬಂತು ಎಂದರೆ ದಾರದಂಗಡಿಯಿಂದ. ಮದುವೆಗೆ ಮುಂಚೆ ಅವರು ದರ್ಜಿಗಳಿಗೆ ದಾರ ಮಾರುವ ಅಂಗಡಿಯಲ್ಲಿ ನಿಲ್ಲುತ್ತಿದ್ದರು. ದರ್ಜಿ ಬಟ್ಟೆಯ ತುಂಡು ತೋರಿಸಬೇಕು, ಅತ್ತಿಗೆ ಗೋಡೆಯ ತುಂಬ ಇರುವ ಉಂಡೆಗಳಲ್ಲಿ ಒಂದಕ್ಕೆ ಕೈ ಹಾಕಬೇಕು, ಅದೇ ಸರಿಯಾಗಿರಬೇಕು. ಅಣ್ಣನನ್ನು ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ನನಗೆ ಊಟದ ಡಬ್ಬಿ ಕೊಡಲು ಗ್ಯಾರೇಜಿಗೆ ಬಂದರು. ಆಗ ಬಣ್ಣದ ಕೋಣೆಯಲ್ಲಿದ್ದ ಹಳೆಯ ಪೇಂಟರ್ ಒಂದು ಬೂದುಬಣ್ಣದ ಕಾರಿನ ಜೊತೆ ಬೆಳಗಿನಿಂದ ಗುದ್ದಾಡುತ್ತಿದ್ದ. ಅತ್ತಿಗೆ ಡಬ್ಬಿ ಕೆಳಗಿಟ್ಟು, "ಇದ್ರಲ್ಲಿ ಒಂಚೂರು ಕೆಂಪು ಕಮ್ಮಿ ಇದೆ ಅಲ್ವಾ?" ಎಂದರು. ಬೂದುಬಣ್ಣದಲ್ಲಿ ಕೆಂಪೇ ಎಂದು ನಾವೆಲ್ಲ ನಕ್ಕೆವು. ಪೇಂಟರ್ ನಗಲಿಲ್ಲ. ಒಂದು ಹನಿ ಕೆಂಪು ಹಾಕಿ ನೋಡಿದ, ತಗಡಿನ ಚೂರು ಕಾರಿನ ಮೈಯಲ್ಲಿ ಮಾಯವಾಯಿತು. ಆಮೇಲೆ ಅವನೇ ಅವರನ್ನು ಕರೆಸಿ ಕೆಲಸ ಕಲಿಸಿದ, ತನ್ನ ಜಾಗ ಅವರಿಗೇ ಬಿಟ್ಟು ನಿವೃತ್ತನಾದ. ಇಂದು ಸುತ್ತಮುತ್ತಲ ಗ್ಯಾರೇಜುಗಳವರೂ ಕೈಲಾಗದ ಬಣ್ಣವನ್ನು ಹೊತ್ತುಕೊಂಡು ನಮ್ಮ ಬಣ್ಣದಕ್ಕನ ಹತ್ತಿರವೇ ಬರುತ್ತಾರೆ.

ಇನ್ನು ಮೀನಿನ ವಿಷಯ. ಅಣ್ಣ ಶಾಲೆಯ ವ್ಯಾನ್ ಓಡಿಸುತ್ತಾನೆ. ಮನೆ ಖಾಲಿ ಮಾಡುತ್ತಿದ್ದ ಯಾರೋ ಪರಿಚಯದವರು ತಮ್ಮ ಅಂಗೈಯುದ್ದದ ಮೀನೊಂದನ್ನು ಬಕೆಟ್ಟಿನಲ್ಲಿ ಹಾಕಿ ಅವನ ಕೈಗೆ ಕೊಟ್ಟರು. ಅಣ್ಣನಿಗೆ ಇಲ್ಲ ಅನ್ನುವ ಅಭ್ಯಾಸವಿಲ್ಲ. ನಮ್ಮ ಮನೆಯಲ್ಲಿ ಮೊದಲೇ ಒಂದು ದೊಡ್ಡ ಗಾಜಿನ ತೊಟ್ಟಿ ಇತ್ತು, ಅದರಲ್ಲಿ ಬಗೆಬಗೆಯ ಮೀನುಗಳಿದ್ದವು. ಹೊಸದನ್ನೂ ಅದಕ್ಕೇ ಬಿಟ್ಟ. "ಇದ್ಯಾವ ಮೀನ್ರೀ?" ಎಂದು ಅತ್ತಿಗೆ ಕೇಳಿದರೆ, "ಸಿಕ್ಲಿಡ್ ಅಂತ ಅಷ್ಟೇ ಗೊತ್ತಂತೆ. ಅವ್ರಿಗೂ ಯಾರೋ ಕೊಟ್ಟಿದ್ದಂತೆ" ಎಂದ. ಸಿಕ್ಲಿಡ್ ಎಂದರೆ ಒಂದು ಮೀನಲ್ಲ, ದೊಡ್ಡ ವಂಶ, ಅದರಲ್ಲಿ ನೂರಾರು ಜಾತಿಗಳಿವೆ ಎಂದು ನಮಗೆ ಆಮೇಲೆ ತಿಳಿಯಿತು. ಹೆಸರು ಗೊತ್ತಾಗುವವರೆಗೆ ಇರಲಿ ಎಂದು ಅತ್ತಿಗೆ ಅದನ್ನು ಯಾವನೋ ಎಂದು ಕರೆದರು. "ಯಾವನೋ ಊಟ ಮಾಡಿದ್ನಾ?" "ಯಾವನೋ ಮತ್ತೆ ಕಲ್ಲು ಅಗೆದು ಹಾಕಿದಾನೆ ನೋಡಿ." ಮನೆಗೆ ಬಂದವರು ನಮಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ಯಾವನೋ ಬಂದ ಮೇಲೆ ಸಣ್ಣ ಮೀನುಗಳು ಒಂದೊಂದಾಗಿ ಕಾಣೆಯಾಗತೊಡಗಿದವು. ಅಣ್ಣ ಪಕ್ಕದ ಮನೆಯ ಬೆಕ್ಕಿನ ಮೇಲೆ ಅನುಮಾನಪಟ್ಟು ತೊಟ್ಟಿಗೆ ಮುಚ್ಚಳ ಹಾಕಿದ. ಮುಚ್ಚಳ ಹಾಕಿದ ಮೇಲೂ ಮೀನು ಕಡಿಮೆಯಾದವು. ಬೆಕ್ಕು ಮಾತ್ರ ಸುಮ್ಮನೆ ಬೈಸಿಕೊಂಡಿತು. ಆದರೆ ಯಾವನೋ ಒಂದು ಮೀನನ್ನೂ ಅಟ್ಟಿಸಿಕೊಂಡು ಹೋಗಿ ಹಿಡಿದದ್ದನ್ನು ನಾವು ನೋಡಿರಲಿಲ್ಲ. ಅದು ಯಾವ ಜಾತಿ, ಏನು ತಿನ್ನುತ್ತದೆ, ಸಣ್ಣವರ ಜೊತೆ ಇರಬಹುದೇ ಎಂದು ತಿಳಿಯಲೇಬೇಕಾಯಿತು.

ಇಂಥದ್ದಕ್ಕೆ ಬೇರೆಯವರಾದರೆ ಫೋಟೋ ತೆಗೆಯುತ್ತಿದ್ದರು. ಅತ್ತಿಗೆ ಬಣ್ಣ ಕೂಡಿಸಿದರು! ಗ್ಯಾರೇಜಿನ ಸಣ್ಣ ಬಾಟಲಿಗಳನ್ನು ಮನೆಗೆ ತಂದು, ತೊಟ್ಟಿಯ ಮುಂದೆ ಮೊಣಕಾಲೂರಿ ಕೂತು, ತಗಡಿನ ಚೂರನ್ನು ಗಾಜಿಗೆ ಹಿಡಿದು ಹಿಡಿದು, ಯಾವನೋನ ಮೈಬಣ್ಣವನ್ನು ತಗಡಿನ ಮೇಲೆ ಇಳಿಸಿದರು. ಆ ಚೂರನ್ನು ಚೀಲದಲ್ಲಿಟ್ಟುಕೊಂಡು ಸಾಕುಮೀನಿನ ಅಂಗಡಿಗೆ ಹೋಗಿ, "ಈ ಬಣ್ಣದ ಸಿಕ್ಲಿಡ್ ಯಾವುದಪ್ಪ?" ಎಂದು ಕೇಳಿದರು. ದಾರದಂಗಡಿಯ ಬುದ್ಧಿ. ಅಂಗಡಿಯವನು ತನ್ನ ನೀಲಿ ದೀಪಗಳ ಕೆಳಗೆ ತಗಡನ್ನು ತಿರುಗಿಸಿ ನೋಡಿ, "ಅಕ್ಕಾ, ಮೀನು ತನ್ನಿ, ಇಲ್ಲ ಫೋಟೋ ತನ್ನಿ. ಯಾರಾದ್ರೂ ತಗಡು ತರ್ತಾರಾ?" ಎಂದು ನಕ್ಕನಂತೆ. ಆದರೂ ಒಳ್ಳೆಯವನು, ಚಿತ್ರಗಳಿರುವ ದೊಡ್ಡ ಹಾಳೆಯನ್ನು ಮುಂದೆ ಹರಡಿದ. ಅತ್ತಿಗೆ ಒಂದೊಂದು ಚಿತ್ರಕ್ಕೂ ತಗಡು ಹಿಡಿದು, ಯಾವುದೂ ಹೊಂದದೆ, ಸಿಟ್ಟು ಮಾಡಿಕೊಂಡು ಮನೆಗೆ ಬಂದರು. "ಚಿತ್ರ ಅಚ್ಚು ಹಾಕೋರಿಗೆ ಬಣ್ಣ ಅಂದ್ರೆ ಏನಂತ್ಲೇ ಗೊತ್ತಿಲ್ಲ" ಎಂದರು.

ನನಗೆ ಯಾವನೋ ಅಪ್ಪಟ ನೀಲಿಯಾಗಿ ಕಾಣುತ್ತಿದ್ದ. ಅತ್ತಿಗೆ ಅವನನ್ನು ಪಾಚಿ ಬೆರೆತ ನೀಲಿ ಅನ್ನುತ್ತಿದ್ದರು. ನಾನು ತುಟಿ ಪಿಟಕ್ಕೆನ್ನಲಿಲ್ಲ. ಕಡುಗೆಂಪನ್ನು ಕೆಂಪು ಅಂದವನ ಮಾತು ಯಾರಿಗೆ ಬೇಕು? ಮೇಲಾಗಿ ಅವನು ಒಂದು ಹೊತ್ತು ಇದ್ದ ಹಾಗೆ ಇನ್ನೊಂದು ಹೊತ್ತು ಇರುತ್ತಿರಲಿಲ್ಲ. ಸಿಟ್ಟು ಬಂದರೆ ಕಡುವಾಗುತ್ತಿದ್ದ, ಬೆದರಿದರೆ ಬಿಳಚಿಕೊಳ್ಳುತ್ತಿದ್ದ. ಅವರು ನೋಡಿದಾಗ ಹಾಗಿದ್ದಿರಬಹುದು ಎಂದು ಎಲ್ಲರೂ ಸುಮ್ಮನಾದೆವು.

ಅದೇ ಸಮಯಕ್ಕೆ ಗ್ಯಾರೇಜಿಗೆ ಒಂದು ತಿಳಿನೀಲಿ ಕಾರು ವಾಪಸ್ಸು ಬಂತು. ಗಿರಾಕಿ ಬಾಗಿಲು ತೋರಿಸಿ, "ಇದು ಸ್ವಲ್ಪ ಹಸಿರು ಹೊಡೀತಿದೆ" ಎಂದ. ನಾನು ಬಣ್ಣದ ಡಬ್ಬ ಮಾರುವವನನ್ನು ಬಾಯಿಗೆ ಬಂದಂತೆ ಬೈದೆ. ಆಮೇಲೆ ಒಂದು ಬಿಳಿ ಕಾರು ಬಂತು, ಅದರ ಮುಂಭಾಗ ಹಳದಿ ಹೊಡೆಯುತ್ತಿತ್ತು. ನಾನು ಗಿರಾಕಿಯನ್ನೇ ಬೈಯುವವನಿದ್ದೆ, ಗ್ಯಾರೇಜಿನ ಓನರ್ ನನ್ನ ಹೆಗಲು ಹಿಡಿದು ಒಳಗೆ ತಳ್ಳಿದರು. ಅವರು ಹದ ಅರಿತ ಮನುಷ್ಯ. ಅತ್ತಿಗೆಗೆ ಒಂದು ಮಾತೂ ಅನ್ನಲಿಲ್ಲ. ಆದರೆ ಕೆಲವು ದಿನಗಳಲ್ಲಿ ಬಣ್ಣದ ಕೋಣೆಗೆ ಒಂದು ಯಂತ್ರ ಬಂತು. ಕಾರಿನ ಮೈಗೆ ಒತ್ತಿ ಹಿಡಿದರೆ ಯಾವ ಬಣ್ಣ ಎಷ್ಟು ಸೇರಿಸಬೇಕು ಎಂದು ಅದೇ ಹೇಳುತ್ತದೆ. "ನಿಮ್ಗೆ ಸಹಾಯಕ್ಕೆ ಇರ್ಲಿ ಅಂತ ಅಷ್ಟೇ" ಎಂದರು ಓನರ್, ಅತ್ತಿಗೆಯ ಮುಖ ನೋಡದೆ.

ಅತ್ತಿಗೆ ಆ ಯಂತ್ರದ ಮೇಲೆ ಒಂದು ಬಟ್ಟೆ ಹೊದಿಸಿ ಮೂಲೆಗಿಟ್ಟರು. ಮನೆಯಲ್ಲಿ ಊಟಕ್ಕೆ ಕೂತಾಗ, "ನಾಳೆ ಆ ಕೋಣೆಗೆ ನಾನು ಬೇಡ ಅಂತಾರೆ. ಇಷ್ಟು ವರ್ಷ ನನ್ನ ಹತ್ರ ಇದ್ದಿದ್ದು ಇದೊಂದೇ" ಎಂದು ಕಣ್ಣಿನ ಕಡೆ ಬೆರಳು ತೋರಿಸಿದರು. ಮರುದಿನ ಗ್ಯಾರೇಜಿನಲ್ಲಿ ಸುತ್ತಿಗೆ ನನ್ನ ಕೈಯಲ್ಲಿತ್ತು, ಯಂತ್ರ ಮೂಲೆಯಲ್ಲಿತ್ತು. ಏನೂ ಮಾಡಲಿಲ್ಲ ಎಂಬುದು ನನ್ನ ದೊಡ್ಡತನ.

ಅಣ್ಣನ ವ್ಯಾನಿನಲ್ಲಿ ಬರುವ ಒಂದು ಹುಡುಗಿಯ ತಾಯಿ ಕಾಲೇಜಿನಲ್ಲಿ ಮೀನುಗಳ ಬಗ್ಗೆಯೇ ಪಾಠ ಮಾಡುತ್ತಾರೆ. ಅಣ್ಣ ಅವರಿಗೆ ಯಾವನೋನ ಕಥೆ ಹೇಳಿದಾಗ, "ಫೋಟೋ ಬೇಡ, ನಾನೇ ಬಂದು ನೋಡ್ತೀನಿ" ಎಂದು ಒಂದು ಭಾನುವಾರ ಬೆಳಿಗ್ಗೆ ಬಂದರು. ಮೀನಿನ ಮೇಡಂ ಎಂದೇ ನಾವು ಅವರನ್ನು ಕರೆಯುವುದು. ಚಪ್ಪಲಿ ಬಿಟ್ಟು ಒಳಗೆ ಬಂದವರೇ ಟೀ ಕೂಡ ಮುಟ್ಟದೆ ತೊಟ್ಟಿಯ ಮುಂದೆ ಕೂತರು. ಕಿಟಕಿ ತೆರೆದಿತ್ತು, ಬಿಸಿಲು ತೊಟ್ಟಿಯ ಮೇಲೆ ಬಿದ್ದಿತ್ತು. ಯಾವನೋ ಅಪರೂಪಕ್ಕೆ ಶಾಂತವಾಗಿ ಗಾಜಿನ ಹತ್ತಿರ ನಿಂತಿದ್ದ.

"ಚೆನ್ನಾಗಿದಾನೆ. ಆಫ್ರಿಕದ ಸರೋವರದವನು ಅನ್ಸುತ್ತೆ. ಅಲ್ಲಿ ಗಂಡು ಮೀನುಗಳು ಬೆಳೆದ ಮೇಲೆ ಬಹಳಷ್ಟು ಹೀಗೇ ನೀಲಿ ಆಗ್ಬಿಡ್ತವೆ. ಅದಕ್ಕೇ ಬಣ್ಣ ನೋಡಿ ಹೇಳೋದು ಕಷ್ಟ. ಬಣ್ಣ ಅವ್ರ ಮೇಲಂಗಿ ಇದ್ದಂಗೆ. ಒಳಗಿನ ಗುರುತು ಬೇಕು, ಪಟ್ಟೆ, ಮಚ್ಚೆ, ಬಾಯಿ, ನಡತೆ" ಎಂದರು ಮೇಡಂ.

ಅತ್ತಿಗೆಗೆ ಅದು ಒಪ್ಪಿಗೆಯಾಗಲಿಲ್ಲ. "ಬಣ್ಣ ಸರಿಯಾಗಿ ಹಿಡಿದ್ರೆ ಯಾಕೆ ಆಗಲ್ಲ? ನಾನು ಹಿಡಿದಿದೀನಿ ನೋಡಿ" ಎಂದು ಚೀಲದಿಂದ ತಗಡಿನ ಚೂರು ತೆಗೆದು ಗಾಜಿಗೆ ಒತ್ತಿದರು, ಯಾವನೋನ ಪಕ್ಕಕ್ಕೆ ಸರಿಯಾಗಿ.

ಮೇಡಂ ತಗಡು ನೋಡಿದರು, ಮೀನು ನೋಡಿದರು. "ಇದು ಬೇರೆ ಯಾವುದಾದ್ರೂ ಮೀನಿನ ಬಣ್ಣನಾ?" ಎಂದು ಮೆಲ್ಲಗೆ ಕೇಳಿದರು.

"ಇಲ್ಲ, ಇವನದ್ದೇ. ಎರಡೂ ಒಂದೇ ಇಲ್ವಾ?"

ಆವರೆಗೆ ಮೀನನ್ನು ಒಬ್ಬೊಬ್ಬರು ಒಂದೊಂದು ಹೊತ್ತಿನಲ್ಲಿ ನೋಡಿದ್ದೆವು, ತಗಡನ್ನು ನಾನಾಗಲಿ ಅಣ್ಣನಾಗಲಿ ನೋಡಿರಲಿಲ್ಲ. ಈಗ ಎರಡೂ ಪಕ್ಕಪಕ್ಕ ಇದ್ದವು, ಒಂದೇ ಬೆಳಕಿನಲ್ಲಿ. ಯಾವನೋ ನೀಲಿ. ತಗಡು ಬಾವಿಕಟ್ಟೆಯ ಪಾಚಿಯ ಹಸಿರು.

ಅತ್ತಿಗೆ ತಗಡನ್ನು ತೆಗೆಯಲಿಲ್ಲ. ಅಣ್ಣನ ಕಡೆ ತಿರುಗಿ, "ರೀ, ನೀವು ಹೇಳಿ" ಎಂದರು. ಅಣ್ಣನಿಗೆ ಇಲ್ಲ ಅನ್ನುವ ಅಭ್ಯಾಸವಿಲ್ಲ ಎಂದೆನಲ್ಲ, ಅವತ್ತು ಅಂದ. "ಇಲ್ಲ ಕಣೇ. ಒಂದೇ ಇಲ್ಲ" ಎಂದ. ಅತ್ತಿಗೆ ನನ್ನ ಕಡೆ ನೋಡಿದರು. ನಾನು ತಲೆ ಅಲ್ಲಾಡಿಸಿದೆ.

ಬೇರೆ ಯಾರಾದರೂ ಆಗಿದ್ದರೆ ವಾದ ಮಾಡುತ್ತಿದ್ದರು. ನಾನಂತೂ ಖಂಡಿತ ಮಾಡುತ್ತಿದ್ದೆ. ಅತ್ತಿಗೆ ತಗಡನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡರು. "ಒಂದೇ ಬೆಳಕು, ಒಂದೇ ಹೊತ್ತು, ಪಕ್ಕಪಕ್ಕ. ಹಾಗಿದ್ಮೇಲೆ ತಪ್ಪು ಮೀನಲ್ಲೂ ಇಲ್ಲ, ತಗಡಲ್ಲೂ ಇಲ್ಲ. ನನ್ನ ಕಣ್ಣಲ್ಲೇ ಏನೋ ಬಂದಿದೆ" ಎಂದರು. ಒಳಗೆ ಹೋಗಿ ಮೇಡಂಗೆ ಬಿಸಿಯಾಗಿ ಇನ್ನೊಂದು ಟೀ ಮಾಡಿಕೊಂಡು ಬಂದರು.

ಮರುದಿನ ಅವರು ನನಗಿಂತ ಮೊದಲೇ ಗ್ಯಾರೇಜಿಗೆ ಹೋಗಿದ್ದರು. ನಾನು ತಲುಪಿದಾಗ ಅತ್ತಿಗೆ ಓನರ್ ಮೇಜಿನ ಮುಂದೆ ನಿಂತಿದ್ದರು. "ಆ ನೀಲಿ ಬಾಗಿಲು, ಆ ಬಿಳಿ ಕಾರು, ಎರಡೂ ನನ್ನ ತಪ್ಪೇ. ಡಬ್ಬದವನದ್ದಲ್ಲ. ಅದೇ ಹೊತ್ತಲ್ಲಿ ಒಂದು ಬೂದುನೀಲಿ ಕಾರು ಮಾಡಿ ಕಳಿಸಿದ್ನಲ್ಲ, ಅದೂ ತಪ್ಪಾಗಿರ್ಬೇಕು. ಅವ್ರು ಬಂದು ಕೇಳಿಲ್ಲ ಅಷ್ಟೇ. ಕಣ್ಣು ತೋರಿಸ್ಕೊಂಡು ಬರ್ತೀನಿ. ಅಲ್ಲೀವರೆಗೂ ಯಂತ್ರದಲ್ಲೇ ಮಾಡ್ಸಿ" ಎಂದು, ಮೂಲೆಗೆ ಹೋಗಿ ತಾವೇ ಯಂತ್ರದ ಮೇಲಿನ ಬಟ್ಟೆ ತೆಗೆದು ಮಡಚಿಟ್ಟರು. ಹತ್ತಾರು ವರ್ಷ ಅವರ ಜೊತೆ ಕೆಲಸ ಮಾಡಿದ್ದೇನೆ, ಎಷ್ಟೋ ಕಾರು ಮಿಂಚಿಸಿದ್ದನ್ನು ನೋಡಿದ್ದೇನೆ. ಅವತ್ತು ಬಂದಷ್ಟು ಹೆಮ್ಮೆ ನನಗೆ ಯಾವತ್ತೂ ಬಂದಿರಲಿಲ್ಲ. ಅದನ್ನು ತೋರಿಸಲು ಬಾರದೆ ಒಂದು ಒಳ್ಳೆಯ ಬಾನೆಟ್ಟನ್ನು ಸುಮ್ಮನೆ ತಟ್ಟುತ್ತಿದ್ದೆ.

ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ ಪೊರೆ ಎಂದರು. ಈ ಬಗೆಯ ಪೊರೆ ಬಂದಾಗ ಕಣ್ಣೊಳಗಿನ ಮಸೂರ ನಿಧಾನವಾಗಿ ಹಳದಿಯಾಗುತ್ತ ಹೋಗುತ್ತದಂತೆ, ಹಳದಿ ಗಾಜಿನ ಹಿಂದೆ ನಿಂತು ಲೋಕ ನೋಡಿದ ಹಾಗೆ, ನೀಲಿಗೂ ಹಸಿರಿಗೂ, ಬಿಳಿಗೂ ಹಳದಿಗೂ ಇರುವ ಅಂತರವೇ ಕಾಣದಾಗುತ್ತದಂತೆ. ನಿಧಾನವಾಗಿ ಆಗುವುದರಿಂದ ಪೊರೆ ಬಂದವರಿಗೇ ಗೊತ್ತಾಗುವುದಿಲ್ಲವಂತೆ. ಒಂದು ಕಣ್ಣಿಗೆ ಮೊದಲು, ಇನ್ನೊಂದಕ್ಕೆ ಆಮೇಲೆ ಆಪರೇಷನ್ ಎಂದು ನಿಗದಿಯಾಯಿತು. "ಬಣ್ಣ ಮೊದಲಿನ ಹಾಗೇ ಕಾಣುತ್ತಾ?" ಎಂದು ಅತ್ತಿಗೆ ಕೇಳಿದ್ದಕ್ಕೆ ಡಾಕ್ಟರು, "ಚೆನ್ನಾಗಿ ಕಾಣುತ್ತೆ. ಆದ್ರೆ ನಿಮ್ಮ ಕೆಲಸಕ್ಕೆ ಸಾಕಾಗುವಷ್ಟಾ ಅಂತ ನೀವೇ ನೋಡಿ ಹೇಳ್ಬೇಕಮ್ಮ" ಎಂದರು. ಆ ಮಾತು ಅತ್ತಿಗೆಯ ತಲೆಯಲ್ಲಿ ಕೂತುಬಿಟ್ಟಿತು. ಬಣ್ಣದ ಕೋಣೆ ಮತ್ತೆ ಅವರದಾಗುತ್ತದೋ ಇಲ್ಲವೋ ಎನ್ನುವುದು ಇನ್ನು ಓನರ್ ಕೈಯಲ್ಲೂ ಇರಲಿಲ್ಲ, ಡಾಕ್ಟರ ಕೈಯಲ್ಲೂ ಇರಲಿಲ್ಲ.

ಕೆಲಸವಿಲ್ಲದೆ ಕೂರುವುದು ಅವರಿಗೆ ಗೊತ್ತೇ ಇಲ್ಲ. ಮನೆಯ ಎಲ್ಲ ಡಬ್ಬಗಳನ್ನು ತೊಳೆದರು, ಅಣ್ಣನ ಅಂಗಿಗಳಿಗೆಲ್ಲ ಗುಂಡಿ ಹೊಲಿದರು. ಆಮೇಲೆ ಯಾವನೋನ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಬಣ್ಣ ಬೇಡ, ಒಳಗಿನ ಗುರುತು ನೋಡಿ ಎಂದಿದ್ದರಲ್ಲ ಮೇಡಂ, ಸರಿ, ಅದನ್ನೇ ನೋಡೋಣ ಎಂದು.

ಅಣ್ಣ ತೊಟ್ಟಿಯ ನೀರು ಬದಲಿಸಿದ ದಿನ ನಾನೂ ಮನೆಯಲ್ಲಿದ್ದೆ. ಪೈಪು, ಬಕೆಟ್ಟು ಎಂದು ಗಲಾಟೆಯಾಗಿ ಯಾವನೋ ಬೆದರಿ ಮೂಲೆ ಸೇರಿದ್ದ. ಸ್ವಲ್ಪ ಹೊತ್ತಿಗೆ ಅಣ್ಣ, "ಅಯ್ಯೋ, ಹೋದ ಕಣೋ!" ಎಂದು ಕೂಗಿದ. ನೋಡಿದರೆ ಯಾವನೋ ತೊಟ್ಟಿಯ ತಳದಲ್ಲಿ ಒಂದು ಮಗ್ಗುಲಿಗೆ ಬಿದ್ದಿದ್ದಾನೆ. ಅಲುಗಾಟವಿಲ್ಲ. ಮೈಯ ನೀಲಿಯೆಲ್ಲ ಇಳಿದು ಹೋಗಿದೆ. ಅಣ್ಣನ ಕಣ್ಣಲ್ಲಿ ನೀರು. "ನೀರು ತಣ್ಣಗಿತ್ತೇನೋ, ನಾನೇ ಕೊಂದೆ" ಎಂದು ಬಲೆ ಹುಡುಕಲು ಹೊರಟ. ನಾನು ಅವನನ್ನೇ ಬೈಯಲು ಶುರುಮಾಡಿದೆ.

"ಇಬ್ರೂ ಸ್ವಲ್ಪ ಬಾಯಿ ಮುಚ್ಚಿ" ಎಂದರು ಅತ್ತಿಗೆ. ಅವರು ಕುರ್ಚಿಯಿಂದ ಎದ್ದಿರಲಿಲ್ಲ. ಕಾರಿನ ಮೈಗೆ ತಗಡು ಹಿಡಿದಾಗ ಹೇಗೆ ಕೂರುತ್ತಾರೋ ಹಾಗೆ ಬಗ್ಗಿ ಕೂತಿದ್ದರು. "ಮಚ್ಚೆ ನೋಡಿ. ದೊಡ್ಡ ದೊಡ್ಡ ಮಚ್ಚೆ. ಮೇಲಿನ ಬಣ್ಣದಡಿ ಹಳೇ ಬಣ್ಣ ಇಣುಕಿದಂಗೆ."

ಹೌದು. ನೀಲಿ ಇಳಿದ ಮೈಯ ಮೇಲೆ ಕಂದು ಕಲೆಗಳು ಎದ್ದಿದ್ದವು, ಅಗಲಗಲವಾಗಿ. ಎರಡನೇ ಸಲ ಬಣ್ಣ ಹೊಡೆಸಿಕೊಂಡ ಕಾರನ್ನು ಉಜ್ಜಿದಾಗ ಮೊದಲಿನ ಬಣ್ಣ ಹೀಗೇ ಹೊರಬರುತ್ತದೆ. ನಾನು ದಿನಾ ನೋಡುವುದೇ. ಅಷ್ಟರಲ್ಲಿ ಉಳಿದಿದ್ದ ಸಣ್ಣ ಮೀನುಗಳಲ್ಲಿ ಒಂದು, ಸತ್ತವನ ಮೈ ಮೂಸುವುದಕ್ಕೆಂದು ಹತ್ತಿರ ಬಂತು. ಇನ್ನೂ ಹತ್ತಿರ ಬಂತು. ಸತ್ತವನು ಎದ್ದ, ಬಾಯಿ ತೆರೆದ, ಮುಚ್ಚಿದ. ಸಣ್ಣದು ಇಲ್ಲ! ಯಾವನೋ ಏನೂ ಆಗದವನ ಹಾಗೆ ಮೇಲೆ ಬಂದು ಊಟ ಕೇಳುವ ಮುಖ ಮಾಡಿಕೊಂಡು ನಿಂತ.

ಅಣ್ಣ ಬಲೆ ಹಿಡಿದು ಬಿಟ್ಟ ಕಣ್ಣು ಬಿಟ್ಟಂತೆ ನಿಂತಿದ್ದ. ನಾವು ನಕ್ಕು ನಕ್ಕು ಸುಸ್ತಾದೆವು. "ಪಕ್ಕದ ಮನೆ ಬೆಕ್ಕಿನ ಹತ್ರ ಹೋಗಿ ಕ್ಷಮೆ ಕೇಳ್ಕೊಂಡು ಬನ್ರೀ" ಎಂದರು ಅತ್ತಿಗೆ. ಪೊರೆ ಎಂದು ತಿಳಿದ ಮೇಲೆ ಅವರು ನಕ್ಕದ್ದು ಅವತ್ತೇ ಮೊದಲು.

ಅವರು ಆ ಕೂಡಲೇ ಮೇಡಂಗೆ ಫೋನ್ ಮಾಡಿ ಕಂಡದ್ದನ್ನೆಲ್ಲ ಹೇಳಿದರು. ಮೇಡಂ ಆ ಕಡೆಯಿಂದ ಕೂಗಿದ್ದು ನನಗೂ ಕೇಳಿಸಿತು. "ಸತ್ತ ಹಾಗೆ ಬಿದ್ಕೊಂಡು ಬೇಟೆ ಆಡಿದ್ನಾ? ನೀವು ಕಣ್ಣಾರೆ ನೋಡಿದ್ರಾ? ಹಾಗಾದ್ರೆ ಹತ್ರ ಬಂದ್ಬಿಟ್ರಿ! ಮಚ್ಚೆ ಇರೋ ಒಂದು ಗುಂಪಿದೆ, ಅದ್ರಲ್ಲಿ ನೋಡಿದ್ರೆ ಸಾಕು. ಚಿತ್ರ ಕಳಿಸ್ತೀನಿ, ನೀವೇ ಹುಡುಕಿ. ನೀವು ಹೇಳಿದ್ಮೇಲೆ ನಾನು ಹೇಳ್ತೀನಿ."

ಚಿತ್ರಗಳು ಬಂದವು. ಅತ್ತಿಗೆ ಫೋನನ್ನು ಅಣ್ಣನ ಕೈಗೆ ಕೊಟ್ಟು, "ಇದನ್ನೆಲ್ಲ ಕಪ್ಪು ಬಿಳುಪು ಮಾಡಿ ಕೊಡಿ" ಎಂದರು. ಅಣ್ಣ ಕಕ್ಕಾಬಿಕ್ಕಿಯಾದ. "ಬಣ್ಣ ಇದ್ರೆ ನನ್ನ ಕಣ್ಣು ಅದನ್ನೇ ನೋಡುತ್ತೆ, ಮೋಸ ಹೋಗುತ್ತೆ. ತೆಗೆದುಬಿಡಿ" ಎಂದರು. ಜೀವನವಿಡೀ ಬಣ್ಣವನ್ನೇ ನಂಬಿದ ಹೆಂಗಸು ಬಣ್ಣವನ್ನು ಅಳಿಸಿ ಪಕ್ಕಕ್ಕಿಟ್ಟು ಕೂತರು.

ಬೂದು ಬೂದು ಚಿತ್ರಗಳನ್ನು ಅವರು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಅಣ್ಣ ಬಕೆಟ್ಟು ತಂದು ಸದ್ದು ಮಾಡಿ ಯಾವನೋನನ್ನು ಬೆದರಿಸಬೇಕು, ಮಚ್ಚೆ ಎದ್ದಾಗ ಅತ್ತಿಗೆ ಚಿತ್ರ ಹಿಡಿದು ನೋಡಬೇಕು. ಒಂದರಲ್ಲಿ ದೊಡ್ಡ ಮಚ್ಚೆಗಳ ನಡುವೆ ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಚುಕ್ಕಿಗಳಿದ್ದವು, ಅದು ಅಲ್ಲ ಎಂದರು. ಒಂದರಲ್ಲಿ ಮೈಯುದ್ದಕ್ಕೂ ಓರೆಯಾದ ಪಟ್ಟೆ ಇತ್ತು, ಅದೂ ಅಲ್ಲ. ಕೊನೆಗೆ ಎರಡು ಉಳಿದವು. ಎರಡಕ್ಕೂ ದೊಡ್ಡ ಮಚ್ಚೆಗಳೇ. ಅತ್ತಿಗೆ ಬಹಳ ಹೊತ್ತು ನೋಡಿದರು, ಆದರೆ ಬಿಡಿಸಲಾಗಲಿಲ್ಲ. ಮೇಡಂಗೆ ಕೇಳಿದಾಗ, "ದೊಡ್ಡ ಗಂಡಾದ್ರೆ ಅವೆರಡನ್ನ ಸುಲಭವಾಗಿ ಬಿಡಿಸೋಕೆ ಒಂದು ಬಣ್ಣ ಇದೆ. ಒಂದಕ್ಕೆ ಹಣೆ ಮೇಲೆ ಹಳದಿ ಬರುತ್ತೆ, ಇನ್ನೊಂದಕ್ಕೆ ಇಲ್ಲ" ಎಂದರು.

ಹಳದಿ. ಈ ಲೋಕದಲ್ಲಿ ಅತ್ತಿಗೆ ನೋಡಲಾರದ ಬಣ್ಣ ಅದೊಂದೇ, ಏಕೆಂದರೆ ಅವರು ನೋಡುತ್ತಿದ್ದುದೆಲ್ಲ ಅದರ ಮೂಲಕವೇ.

ಅವರು ಫೋನ್ ಮಡಿಲಲ್ಲಿಟ್ಟುಕೊಂಡು ತಲೆ ಎತ್ತದೆ ನನ್ನನ್ನು ಕರೆದರು.

"ಬಾರಪ್ಪ ಇಲ್ಲಿ. ಇವನ ಹಣೆ ಯಾವ ಬಣ್ಣ ಇದೆ ನೋಡು."

"ನಾನಾ?"

"ಮತ್ತೆ ಇನ್ಯಾರು? ಗ್ಯಾರೇಜಲ್ಲಿ ಕೆಲಸ ಮಾಡೋನು ತಾನೆ ನೀನು? ನೋಡಿ ಹೇಳು. ಆತುರ ಬೇಡ. ಎದುರಿಂದ ನೋಡು, ಓರೆಯಿಂದ ನೋಡು."

ನನ್ನ ಜೀವಮಾನದಲ್ಲಿ ಅತ್ತಿಗೆ ನನ್ನನ್ನು ಬಣ್ಣ ಕೇಳಿದ್ದು ಅದೇ ಮೊದಲು. ನಾನು ಕೈ ತೊಳೆದುಕೊಂಡು ಬಂದೆ, ಯಾಕೆಂದು ಕೇಳಬೇಡಿ. ಕಿಟಕಿ ತೆರೆದೆ. ಯಾವನೋ ಬೆದರಿಕೆ ಇಳಿದು ಮತ್ತೆ ನೀಲಿಯಾಗುವವರೆಗೆ ಉಸಿರು ಬಿಗಿಹಿಡಿದು ಕಾದೆ. ಎದುರಿನಿಂದ ನೋಡಿದೆ, ಓರೆಯಿಂದ ನೋಡಿದೆ, ನೆಲದ ಮೇಲೆ ಮಲಗಿ ನೋಡಿದೆ. "ಹಳದಿ ಇಲ್ಲ ಅತ್ತಿಗೆ. ಒಂದು ಗೆರೆನೂ ಇಲ್ಲ. ಮೂತಿಯಿಂದ ಬೆನ್ನಿನವರೆಗೂ ನೀಲಿ" ಎಂದೆ.

"ಖಂಡಿತಾನಾ?"

"ಖಂಡಿತ. ಬರೀ ನೀಲಿ ಅಲ್ಲ, ಕಡುನೀಲಿ."

ಅತ್ತಿಗೆಯ ತುಟಿಯ ಮೂಲೆ ಅಲುಗಿತು. ಅವರು ಮೂಲ ಚಿತ್ರಗಳಲ್ಲಿ ಹಣೆಗೆ ಹಳದಿಯಿಲ್ಲದ್ದು ಯಾವುದೆಂದು ಅಣ್ಣನಿಂದ ಕೇಳಿಕೊಂಡು, ಮೇಡಂಗೆ ಫೋನ್ ಮಾಡಿ, ಅದರ ಕೆಳಗಿದ್ದ ಹೆಸರನ್ನು ಬಿಡಿಸಿ ಬಿಡಿಸಿ ಓದಿದರು. ನಿಂಬೊಕ್ರೋಮಿಸ್ ಲಿವಿಂಗ್‌ಸ್ಟೋನಿ. "ಅದೇ! ನಾನೂ ಅದೇ ಅಂದ್ಕೊಂಡಿದ್ದೆ. ಆದ್ರೆ ನಿಮ್ಮ ಬಾಯಿಂದ ಬರ್ಲಿ ಅಂತ ಕಾಯ್ತಿದ್ದೆ. ಅವನಿರೋ ಸರೋವರದ ಕಡೆಯವರು ಅವನನ್ನ ಮಲಗುವವನು ಅಂತಾನೇ ಕರೀತಾರೆ" ಎಂದರು ಮೇಡಂ. ಅಂಥ ಉದ್ದದ ಹೆಸರು ನಮ್ಮ ನಾಲಿಗೆಗೆ ಹೊರಳಲಿಲ್ಲ, ಮನೆಯಲ್ಲಿ ಅವನು ಇಂದಿಗೂ ಯಾವನೋನೇ. ಸಣ್ಣ ಮೀನುಗಳನ್ನು ಮಾತ್ರ ಅಂದೇ ಬೇರೆ ತೊಟ್ಟಿಗೆ ಸಾಗಿಸಿದೆವು.

ಮೊದಲ ಕಣ್ಣಿನ ಆಪರೇಷನ್ ಆಗಿ, ಪಟ್ಟಿ ಬಿಚ್ಚಿ, ಡಾಕ್ಟರು ಹೇಳಿದ ಪಥ್ಯದ ದಿನಗಳನ್ನು ಮುಗಿಸಿ ಅತ್ತಿಗೆ ಒಂದು ಬೆಳಿಗ್ಗೆ ಆ ಹಳೆಯ ತಗಡಿನ ಚೂರು ಹೊರತೆಗೆದರು. ತೊಟ್ಟಿಯ ಮುಂದೆ ಕೂತು ಗಾಜಿಗೆ ಹಿಡಿದರು. ಒಂದು ಕಣ್ಣು ಮುಚ್ಚಿ ನೋಡಿದರು, ಆಮೇಲೆ ಇನ್ನೊಂದು ಮುಚ್ಚಿ ನೋಡಿದರು. ಮತ್ತೆ ಮತ್ತೆ ಹಾಗೇ ಮಾಡಿದರು. ಆಪರೇಷನ್ ಆಗದ ಕಣ್ಣಿಗೆ ಎರಡೂ ಒಂದೇ, ಆದ ಕಣ್ಣಿಗೆ ಅಜಗಜಾಂತರ. "ಥೂ, ಎಂಥಾ ಹೊಲಸು ಹಸಿರು ಮಾಡಿದ್ನಪ್ಪ ನಾನು!" ಎಂದು ಗಟ್ಟಿಯಾಗಿ ನಕ್ಕರು. ನಗುತ್ತಲೇ ಕಣ್ಣು ತುಂಬಿಕೊಂಡವು. ಅಳಬಾರದು ಎಂದು ಡಾಕ್ಟರು ಹೇಳಿದ್ದಾರೆ ಎಂದು ಅಣ್ಣ ಗಾಬರಿಯಾಗಿ ಕರವಸ್ತ್ರ ಹಿಡಿದು ಓಡಿ ಬಂದ.

ಎರಡೂ ಕಣ್ಣು ಮುಗಿದ ಮೇಲೆ ಗ್ಯಾರೇಜಿಗೆ ಬಂದರು. ಓನರ್ ಕೋಣೆಯ ಬೀಗದ ಕೈ ಚಾಚಿದರೆ ತೆಗೆದುಕೊಳ್ಳಲಿಲ್ಲ. "ಮೊದ್ಲು ಆ ಬೂದುನೀಲಿ ಕಾರಿನವರನ್ನ ಕರೆಸಿ. ನಮ್ಮ ಕಡೆಯಿಂದ ತಪ್ಪಾಗಿದೆ, ಸರಿಮಾಡಿ ಕೊಡ್ತೀವಿ ಅನ್ನಿ. ಅದು ಸರಿ ಬಂದ್ರೆ ಬೀಗದ ಕೈ ಕೊಡಿ. ಬರದಿದ್ರೆ ನಾನು ದಾರದಂಗಡಿಗೂ ಹೋಗಲ್ಲ, ಮನೇಲಿರ್ತೀನಿ" ಎಂದರು. ದೂರು ಕೊಡದ ಗಿರಾಕಿಯನ್ನು ಕರೆಸಿ ತಪ್ಪು ಒಪ್ಪಿಕೊಳ್ಳುವ ಗ್ಯಾರೇಜನ್ನು ನಾನು ಎಲ್ಲೂ ಕಂಡಿಲ್ಲ. ಓನರ್ ತಲೆ ಕೆರೆದುಕೊಂಡು ಫೋನ್ ಮಾಡಿದರು.

ಕಾರು ಬಂತು. ಬಿಸಿಲಲ್ಲಿ ನಿಲ್ಲಿಸಿದರೆ ಹಿಂದಿನ ಬಾಗಿಲು ಕಣ್ಣಿಗೆ ರಾಚುತ್ತಿತ್ತು. ಅತ್ತಿಗೆ ಯಂತ್ರವನ್ನು ತಾವೇ ತಂದು ಪಕ್ಕದ ಬಾಗಿಲಿಗೆ ಒತ್ತಿದರು, ಅದು ಹೇಳಿದಷ್ಟನ್ನು ಕೂಡಿಸಿದರು. ತಗಡಿನ ಚೂರಿಗೆ ಹೊಡೆದು ಅಂಗಳಕ್ಕೆ ಬಂದು ಕಾರಿಗೆ ಹಿಡಿದರು. "ಯಂತ್ರ ಹೆಚ್ಚುಕಮ್ಮಿ ಸರಿಯಾಗೇ ಹೇಳಿದೆ ಪಾಪ. ಆದ್ರೆ ಓರೆಯಿಂದ ಒಂಚೂರು ಬೆಳ್ಳಗಿದೆ" ಎಂದು ಒಂದು ಹನಿ ಕಪ್ಪು ಸೇರಿಸಿದರು. ಮತ್ತೆ ಹಿಡಿದರು. ತಗಡು ಎಲ್ಲಿ ಮುಗಿಯಿತು, ಬಾಗಿಲು ಎಲ್ಲಿ ಶುರುವಾಯಿತು ಎಂದು ನನಗೆ ತಿಳಿಯಲಿಲ್ಲ.

ಅವರು ಮಾತ್ರ ಅಷ್ಟಕ್ಕೇ ಬಿಡಲಿಲ್ಲ. ದೂರದಿಂದ ನೋಡುತ್ತಿದ್ದ ನನ್ನನ್ನು ಕೂಗಿ ಕರೆದರು. "ಸುತ್ತಿಗೆ ಇಟ್ಟು ಬಾ. ನೋಡು." ನಾನು ಎದುರಿನಿಂದ, ಓರೆಯಿಂದ, ಬಗ್ಗಿ, ಎದ್ದು ನೋಡಿ, ಸರಿ ಎಂದೆ. ಆಮೇಲೆಯೇ ಬಣ್ಣದ ಪಿಚಕಾರಿ ಕೈಗೆತ್ತಿಕೊಂಡರು. ಅಂದಿನಿಂದ ನಾನು ನೋಡದೆ ಯಾವ ಬಣ್ಣವೂ ಆ ಕೋಣೆಯಿಂದ ಹೊರಗೆ ಹೋಗಿಲ್ಲ. ಪಾಚಿ ಹಸಿರಿನ ಆ ತಗಡಿನ ಚೂರು ಯಂತ್ರದ ಮೇಲಿನ ಮೊಳೆಯಲ್ಲಿ ನೇತಾಡುತ್ತಿದೆ, ಕೆಲಸ ಕಲಿಯಲು ಬಂದವರಿಗೆ ಅತ್ತಿಗೆ ಮೊದಲು ತೋರಿಸುವುದು ಅದನ್ನೇ.

ಬಣ್ಣ ಒಣಗಿ, ಹೊಳಪು ಕೊಟ್ಟ ಮೇಲೆ ಬೂದುನೀಲಿ ಕಾರಿನ ಗಿರಾಕಿ ಬಂದ. ಕಾರನ್ನು ಒಂದು ಸುತ್ತು ಬಂದ, ಇನ್ನೊಂದು ಸುತ್ತು ಬಂದ. ಓನರ್ ಬಾಗಿಲಲ್ಲಿ ನಿಂತಿದ್ದರು, ಬೀಗದ ಕೈ ಅವರ ಮುಷ್ಟಿಯಲ್ಲಿತ್ತು. ಅತ್ತಿಗೆ ಕೈಯ ಬಣ್ಣವನ್ನು ಬಟ್ಟೆಯಲ್ಲಿ ಒರೆಸುತ್ತ ಬೇರೆ ಕಡೆ ನೋಡುತ್ತಿದ್ದರು. ಗಿರಾಕಿ ಎಡಗಡೆಯ ಬಾಗಿಲು ಮುಟ್ಟಿ ನೋಡಿದ, ಬಲಗಡೆಯದನ್ನು ಮುಟ್ಟಿ ನೋಡಿದ.

"ಅಲ್ಲಮ್ಮಾ, ಯಾವ ಬಾಗಿಲಿಗೆ ಹೊಡೆದ್ರಿ?" ಎಂದ.

ಅತ್ತಿಗೆ ಓನರ್ ಕಡೆ ತಿರುಗಿ ಕೈ ಚಾಚಿದರು.